ಹೆಸರು ಮತ್ತು ಗಾಯ: ಮೊದಲನೆಯ ಮಹಾಯುದ್ಧದ ಸ್ಮರಣೆಯನ್ನು ಕುರಿತು ಒಂದು ವಿಮರ್ಶೆ

೧

ಯುದ್ಧಗಳ ಕಾರಣಗಳನ್ನೂ ಪರಿಣಾಮಗಳನ್ನೂ ಬೋಧಿಸುವುದು ಇತಿಹಾಸದ ಅಧ್ಯಾಪಕರಿಗೆ ನಿತ್ಯದ ಕೆಲಸ. ೧೯೧೪ರಿಂದ ೧೯೧೮ರವರೆಗೆ ನಡೆದ ಮೊದಲನೆಯ ಮಹಾಯುದ್ಧದ ಕಾರಣಗಳೇನು, ವರ್ಸೇಲ್ಸ್ ಒಪ್ಪಂದದ ಷರತ್ತುಗಳೇನು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಸರಾಗವಾಗಿ ಒಪ್ಪಿಸಬಲ್ಲರು. ಆದರೆ ಯುದ್ಧ ಮುಗಿದ ಮೇಲೆ ಅದನ್ನು ಜನ ಹೇಗೆ ನೆನೆದರು, ಯಾರನ್ನು ನೆನೆದರು, ಯಾರನ್ನು ಮರೆತರು ಎಂಬ ಪ್ರಶ್ನೆಗೆ ತರಗತಿಯಲ್ಲಿ ಎಡೆ ದೊರೆಯುವುದು ವಿರಳ. ಸ್ಮರಣೆಯು ಕವಿಗಳಿಗೂ ಶಿಲ್ಪಿಗಳಿಗೂ ಸೇರಿದ ವಿಷಯ, ಚರಿತ್ರಕಾರನಿಗೆ ಅದು ಸಲ್ಲದು ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಈ ಭಾವನೆ ಸರಿಯಲ್ಲವೆಂದು ನಾವು ತಿಳಿದಿದ್ದೇವೆ. ರಾಷ್ಟ್ರವೊಂದು ತನ್ನ ಯುದ್ಧವನ್ನು ನೆನೆಯುವ ಕಾರ್ಯಕ್ಕೂ ಸಮಿತಿಗಳುಂಟು, ಕಡತಗಳುಂಟು, ವೆಚ್ಚದ ಲೆಕ್ಕಗಳುಂಟು. ಸ್ಮರಣೆಯೂ ಆಡಳಿತದ ಒಂದು ಕಾರ್ಯವೇ ಆಗಿದೆ. ಆದುದರಿಂದ ಅದು ಚರಿತ್ರೆಯ ವಿಚಾರಣೆಗೆ ಒಳಪಡತಕ್ಕದ್ದು.

ಈ ಲೇಖನದಲ್ಲಿ ಬ್ರಿಟನ್ನು ಆ ಯುದ್ಧವನ್ನು ನೆನೆದ ರೀತಿಯನ್ನೂ, ಆ ಸ್ಮರಣೆಯಲ್ಲಿ ಭಾರತೀಯ ಸಿಪಾಯಿಗೆ ದೊರೆತ ಸ್ಥಾನವನ್ನೂ ಪರಾಮರ್ಶಿಸಲು ಯತ್ನಿಸಿದ್ದೇವೆ. ಸ್ಮಾರಕಗಳ ಜೊತೆಗೆ ಎರಡು ಸಾಹಿತ್ಯ ಕೃತಿಗಳನ್ನು, ಇಂಗ್ಲಿಷಿನದೊಂದು, ಹಿಂದಿಯದೊಂದು, ಸಾಕ್ಷ್ಯವಾಗಿ ತೆಗೆದುಕೊಂಡಿದ್ದೇವೆ. ನಮ್ಮ ವಾದವನ್ನು ಮೊದಲೇ ಹೇಳಿಬಿಡುವುದು ಮೇಲು. ಸತ್ತವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಏರ್ಪಾಡು ಉದಾತ್ತವಾದುದೇ. ಆದರೆ ಬದುಕಿ ಬಂದವನ ಮನಸ್ಸಿನ ಗಾಯವನ್ನು ಕಾಣದೆ ಇರುವುದಕ್ಕೂ ಅದು ಅನುಕೂಲವಾಯಿತು. ಬ್ರಿಟನ್ನಿನಲ್ಲಿ ಆ ಕೊರತೆಯನ್ನು ಸಾಹಿತ್ಯ ಕೆಲಮಟ್ಟಿಗೆ ತುಂಬಿತು. ಭಾರತದ ಸಿಪಾಯಿಗಾದರೋ ಹಲವೆಡೆ ಹೆಸರೂ ದೊರೆಯಲಿಲ್ಲ, ಗಾಯಕ್ಕೆ ಮಾತೂ ದೊರೆಯಲಿಲ್ಲ.

೨

ಯುದ್ಧಗಳಲ್ಲಿ ಸತ್ತ ಸಾಮಾನ್ಯ ಸಿಪಾಯಿಯನ್ನು ಯೂರೋಪಿನಲ್ಲಿ ಬಹುಕಾಲ ಯಾರೂ ಬಿಡಿಯಾಗಿ ನೆನೆದದ್ದಿಲ್ಲ. ಸ್ಮಾರಕ ಏಳುತ್ತಿದ್ದುದು ಸೇನಾಪತಿಗೆ. ಸಿಪಾಯಿಯ ಹೆಣ ಸಾಮೂಹಿಕ ಗುಂಡಿಗೆ. ಈ ಪದ್ಧತಿ ಬದಲಾದುದು ಮೊದಲನೆಯ ಮಹಾಯುದ್ಧದಲ್ಲಿ. ಫೇಬಿಯನ್ ವೇರ್ ಎಂಬಾತನ ಪ್ರಯತ್ನದ ಫಲವಾಗಿ ೧೯೧೭ರ ಮೇ ತಿಂಗಳಲ್ಲಿ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಸಮಾಧಿ ಆಯೋಗ ಸ್ಥಾಪಿತವಾಯಿತು. ಬ್ರಿಟಿಷ್ ಮ್ಯೂಸಿಯಮ್ಮಿನ ನಿರ್ದೇಶಕನಾಗಿದ್ದ ಸರ್ ಫ್ರೆಡರಿಕ್ ಕೆನ್ಯನ್ ೧೯೧೮ರಲ್ಲಿ ಆಯೋಗಕ್ಕೆ ಒಪ್ಪಿಸಿದ ವರದಿಯಲ್ಲಿ ಮುಖ್ಯ ತತ್ತ್ವವೊಂದು ನಿರ್ಧಾರವಾಯಿತು. ಅಧಿಕಾರಿಗೂ ಸಿಪಾಯಿಗೂ, ಶ್ರೀಮಂತನಿಗೂ ಬಡವನಿಗೂ ಒಂದೇ ಅಳತೆಯ ಕಲ್ಲು. ಗುರುತು ಸಿಕ್ಕಿದವನಿಗೆ ಅವನದೇ ಸಮಾಧಿ, ಹೆಣವೇ ಸಿಗದವನ ಹೆಸರು ಸ್ಮಾರಕದ ಗೋಡೆಯ ಮೇಲೆ. ಹಣವಂತರು ಮಕ್ಕಳ ಹೆಣಗಳನ್ನು ಸ್ವದೇಶಕ್ಕೆ ಸಾಗಿಸಿಕೊಳ್ಳುವುದಕ್ಕೂ ಅನುಮತಿ ದೊರೆಯಲಿಲ್ಲ. ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದ ಮೆನಿನ್ ಗೇಟಿನ ಮೇಲೆ (೧೯೨೭) ೫೪,೦೦೦ಕ್ಕೂ ಹೆಚ್ಚು ಹೆಸರುಗಳೂ, ಫ್ರಾನ್ಸಿನ ತಿಯೆಪ್‌ವಾಲ್ ಸ್ಮಾರಕದ ಮೇಲೆ (೧೯೩೨) ೭೨,೦೦೦ಕ್ಕೂ ಹೆಚ್ಚು ಹೆಸರುಗಳೂ ಕೆತ್ತಲ್ಪಟ್ಟದ್ದು ಈ ತತ್ತ್ವದ ಮೇಲೆಯೇ.

ಲಂಡನ್ನಿನ ವೈಟ್‌ಹಾಲ್ ಬೀದಿಯ ಸೆನೊಟಾಫ್, ಅಂದರೆ ಬರಿದು ಸಮಾಧಿ, ಈ ಸ್ಮರಣೆಯ ಕೇಂದ್ರ. ೧೯೧೯ರ ಜುಲೈ ೧೯ರ ಶಾಂತಿ ಮೆರವಣಿಗೆಗೆಂದು ಎಡ್ವಿನ್ ಲಟ್ಯೆನ್ಸ್ ಅದನ್ನು ಮರ ಮತ್ತು ಗಾರೆಯಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿದ್ದನು. ಜನ ಅದರ ಬುಡದಲ್ಲಿ ಹೂವಿನ ರಾಶಿಯನ್ನೇ ಸುರಿದರು. ಅದನ್ನು ಕೀಳಿಸಲು ಸರ್ಕಾರಕ್ಕೆ ಮನಸ್ಸು ಬರಲಿಲ್ಲ. ಅದೇ ಆಕಾರದ ಕಲ್ಲಿನ ಕಟ್ಟಡವನ್ನು ೧೯೨೦ರ ನವೆಂಬರ್ ೧೧ರಂದು ಅನಾವರಣ ಮಾಡಿದರು. ಫ್ರಾನ್ಸಿನಿಂದ ತಂದ ಹೆಸರರಿಯದ ಯೋಧನೊಬ್ಬನ ದೇಹವನ್ನು ಅಂದೇ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ರಾಜರುಗಳ ನಡುವೆ, ಹೂಳಲಾಯಿತು. ಮಗನ ಹೆಣವನ್ನು ಕಾಣದ ಯಾವ ತಾಯಿಯಾದರೂ ಈತನೇ ತನ್ನ ಮಗನಿರಬಹುದೆಂದು ನೆನೆಯಬಹುದಾಗಿತ್ತು. ಇಂಥ ಸಾಂತ್ವನವನ್ನು ಲಘುವಾಗಿ ಕಾಣುವುದು ವಿಮರ್ಶಕನಿಗೆ ತಕ್ಕುದಲ್ಲ.

ಆದರೂ ಈ ಸ್ಮರಣೆಯ ಮಿತಿಯನ್ನು ಗುರುತಿಸಬೇಕಾಗುತ್ತದೆ. ಅದನ್ನು ಗುರುತಿಸಲು ಕರ್ನಾಟಕದ ಚರಿತ್ರೆಯನ್ನು ಓದಿದವರಿಗೆ ಒಂದು ಸೌಕರ್ಯವುಂಟು. ಕಾಳಗದಲ್ಲಿ ಸತ್ತ ಸಾಮಾನ್ಯನನ್ನು ಹೆಸರಿಟ್ಟು ನೆನೆಯುವ ಪದ್ಧತಿ ನಮ್ಮಲ್ಲಿ ಸಾವಿರ ವರ್ಷಗಳಿಗೂ ಹಳೆಯದು. ಬೆಂಗಳೂರು ಎಂಬ ಹೆಸರು ಮೊದಲು ಕಾಣಬರುವುದೇ, ಸುಮಾರು ೯೦೦ರಲ್ಲಿ, ಆ ಊರಿನ ಕಾಳಗದಲ್ಲಿ ಸತ್ತವರನ್ನು ನೆನೆಯುವ ಬೇಗೂರಿನ ಕಲ್ಲಿನಲ್ಲಿ. ಆತಕೂರಿನ ೯೪೯–೫೦ರ ಶಾಸನವಂತೂ ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನು ಕೂಡ ನಮಗೆ ಉಳಿಸಿಕೊಟ್ಟಿದೆ. ವೀರಗಲ್ಲಿನ ರಚನೆ ವಾಚಕರಿಗೆ ವಿದಿತವೇ: ಸಾಮಾನ್ಯವಾಗಿ ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಈ ಮೂರು ಹಂತಗಳಲ್ಲಿ ಎಲ್ಲಿಯೂ ಕಾಣದವನು ಒಬ್ಬನಿದ್ದಾನೆ. ಅವನು ಕಾಳಗದಿಂದ ಬದುಕಿ ಮನೆಗೆ ಮರಳಿದವನು. ರಾತ್ರಿ ಬೆಚ್ಚಿ ಏಳುವವನಿಗೆ, ಮಾತು ಬಿಟ್ಟು ಮೂಲೆ ಹಿಡಿದವನಿಗೆ ಕಲ್ಲಿನಲ್ಲಿ ಹಂತವಿಲ್ಲ. ವೈಟ್‌ಹಾಲಿನ ಕಲ್ಲಿನಲ್ಲಿಯೂ ಅವನಿಗೆ ಎಡೆಯಿಲ್ಲ. ಕಾಲವೂ ದೇಶವೂ ಬೇರೆಯಾದರೂ ಸ್ಮಾರಕ ಶಿಲ್ಪದ ಸ್ವಭಾವ ಇದೊಂದು ವಿಷಯದಲ್ಲಿ ಬದಲಾಗಿಲ್ಲ. ಸತ್ತವನು ಎದುರು ಮಾತನಾಡುವುದಿಲ್ಲ. ಅವನನ್ನು ನೆನೆಯುವುದು ರಾಷ್ಟ್ರಕ್ಕೆ ಸುಲಭ.

೩

ಬದುಕಿ ಬಂದವನ ಗಾಯದ ಕಥೆ ಬೇರೊಂದು ಕಡತದಲ್ಲಿದೆ. ೧೯೧೫ರ ಫೆಬ್ರುವರಿಯಲ್ಲಿ ಚಾರ್ಲ್ಸ್ ಮಯರ್ಸ್ ಎಂಬ ಮನಶ್ಶಾಸ್ತ್ರಜ್ಞನು ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಮೂವರು ಸಿಪಾಯಿಗಳ ಸ್ಥಿತಿಯನ್ನು ವರ್ಣಿಸಿ, ಅದನ್ನು ‘ಷೆಲ್ ಷಾಕ್’ ಎಂದು ಕರೆದನು. ಗುಂಡಿನ ಸ್ಫೋಟದಿಂದ ನರಗಳಿಗೆ ಪೆಟ್ಟಾಗುವುದೇ ಇದಕ್ಕೆ ಕಾರಣವೆಂಬ ಅರ್ಥ ಆ ಹೆಸರಿನಲ್ಲಿದೆ. ಸ್ಫೋಟದ ಬಳಿಗೇ ಹೋಗದವರಲ್ಲಿಯೂ ಇದೇ ಲಕ್ಷಣಗಳು ಕಂಡುಬಂದುದರಿಂದ ಆ ವಿವರಣೆ ಹೆಚ್ಚು ದಿನ ನಿಲ್ಲಲಿಲ್ಲ. ಯುದ್ಧ ಮುಗಿಯುವ ವೇಳೆಗೆ ಬ್ರಿಟಿಷ್ ಸೇನೆಯಲ್ಲಿ ಇಂಥವರ ಸಂಖ್ಯೆ ಸುಮಾರು ೮೦,೦೦೦ ಎಂದು ಸಾಮಾನ್ಯವಾಗಿ ಎಣಿಸಲಾಗಿದೆ.

ಈ ರೋಗಿಗಳ ಮಾತನ್ನು ಕಿವಿಗೊಟ್ಟು ಕೇಳಿದ ಕೆಲವೇ ವೈದ್ಯರಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಪ್ರಮುಖನು. ಈತನ ಹೆಸರು ನಮಗೆ ಬೇರೊಂದು ಕಾರಣದಿಂದ ಪರಿಚಿತ: ನೀಲಗಿರಿಯ ತೊದವರ ಜೀವನವನ್ನು ಅಲ್ಲಿಯೇ ಇದ್ದು ಅಭ್ಯಸಿಸಿ ೧೯೦೬ರಲ್ಲಿ ಗ್ರಂಥ ಪ್ರಕಟಿಸಿದವನು ಇವನೇ. ಎಡಿನ್‌ಬರೋ ಸಮೀಪದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ೧೯೧೭ರಲ್ಲಿ ಸೀಗ್‌ಫ್ರೀಡ್ ಸಸೂನ್ ಎಂಬ ಕವಿ ಈತನ ರೋಗಿಯಾಗಿದ್ದನು. ವಿಲ್ಫ್ರೆಡ್ ಓವನ್ ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬ ವೈದ್ಯನ ಆರೈಕೆಯಲ್ಲಿದ್ದನು. ಕಂಡ ಭೀಕರವನ್ನು ಮರೆಯಿರೆಂದು ರೋಗಿಗೆ ಹೇಳುವುದು ತಪ್ಪು, ಅದನ್ನು ಎದುರಿಸಿ ನೆನೆಯುವುದಕ್ಕೆ ಅವನಿಗೆ ನೆರವಾಗಬೇಕು ಎಂದು ರಿವರ್ಸ್ ಪ್ರತಿಪಾದಿಸಿದನು. ಚಿಕಿತ್ಸೆಯ ಗುರಿ ಮಾತ್ರ ರೋಗಿಯನ್ನು ಮತ್ತೆ ಕಂದಕಕ್ಕೆ ಕಳುಹಿಸುವುದೇ ಆಗಿತ್ತು. ಗುಣ ಹೊಂದಿ ಹಿಂತಿರುಗಿದ ಓವನ್ ೧೯೧೮ರ ನವೆಂಬರ್ ೪ರಂದು, ಕದನ ನಿಲ್ಲುವುದಕ್ಕೆ ಒಂದು ವಾರ ಮೊದಲು, ಹತನಾದನು. ಕ್ರೇಗ್‌ಲಾಕ್‌ಹಾರ್ಟ್ ಅಧಿಕಾರಿಗಳಿಗೆ ಮೀಸಲಾದ ಆಸ್ಪತ್ರೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಸಮಾಧಿಯಲ್ಲಿ ಸಮಾನತೆಯನ್ನು ಒಪ್ಪಿದ ರಾಷ್ಟ್ರ ಆಸ್ಪತ್ರೆಯಲ್ಲಿ ಅದನ್ನು ಒಪ್ಪಿರಲಿಲ್ಲ.

ಯುದ್ಧಾನಂತರ ಲಾರ್ಡ್ ಸೌತ್‌ಬರೋ ಅಧ್ಯಕ್ಷತೆಯ ಸಮಿತಿಯೊಂದು ೧೯೨೨ರಲ್ಲಿ ವರದಿಯನ್ನು ಸಲ್ಲಿಸಿ, ‘ಷೆಲ್ ಷಾಕ್’ ಎಂಬ ಶಬ್ದವನ್ನೇ ಬಿಟ್ಟುಬಿಡಬೇಕೆಂದು ಸಲಹೆಯಿತ್ತಿತು. ಒಳ್ಳೆಯ ತರಬೇತಿ, ಶಿಸ್ತು, ನಾಯಕತ್ವಗಳಿದ್ದರೆ ಈ ವ್ಯಾಧಿ ಹರಡದೆಂಬುದು ಅದರ ಒಟ್ಟು ನಿಲುವು. ವಿಶ್ರಾಂತಿ ವೇತನದ ಹೊರೆಯೂ ಮುಂದಿನ ಯುದ್ಧದ ಚಿಂತೆಯೂ ಆಗ ಸರ್ಕಾರದ ಮುಂದಿದ್ದುವೆಂಬುದನ್ನು ಮರೆತು ಈ ವರದಿಯನ್ನು ಓದಲಾಗದು. ಸೆನೊಟಾಫಿನ ಅನಾವರಣಕ್ಕೂ ಈ ವರದಿಗೂ ನಡುವೆ ಕಳೆದದ್ದು ಎರಡೇ ವರ್ಷ. ಹೆಸರುಗಳನ್ನು ಕೆತ್ತಿಸುತ್ತಿದ್ದ ರಾಷ್ಟ್ರವೇ ಒಂದು ಹೆಸರನ್ನು, ಗಾಯದ ಹೆಸರನ್ನು, ಅಳಿಸತೊಡಗಿತು.

ಸೇನೆಯಿಂದ ಪಲಾಯನ, ಹೇಡಿತನ ಮೊದಲಾದ ಆಪಾದನೆಗಳ ಮೇಲೆ ತಮ್ಮ ಸೇನೆಯ ಗುಂಡಿಗೇ ಬಲಿಯಾದವರ ವಿಷಯವೂ ಇದಕ್ಕೆ ಸೇರಿದ್ದು. ಇವರೆಲ್ಲರೂ ಮನೋವ್ಯಾಧಿಗೆ ಒಳಗಾಗಿದ್ದರೆಂದು ಹೇಳುವುದು ಸಾಕ್ಷ್ಯವನ್ನು ಮೀರಿದ ಮಾತಾಗುತ್ತದೆ. ಮರಣದಂಡನೆಗೆ ಗುರಿಯಾದವರಲ್ಲಿ ಹೆಚ್ಚಿನವರ ಶಿಕ್ಷೆ ಕಡಿತವಾಯಿತೆಂಬುದೂ ನಿಜ. ಆದರೆ ಅವರಲ್ಲಿ ಕೆಲವರಾದರೂ ಷೆಲ್ ಷಾಕಿನಿಂದ ನರಳಿದ್ದವರೆಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ೨೦೦೧ರಲ್ಲಿ ಸ್ಟಾಫರ್ಡ್‌ಷೈರಿನ ರಾಷ್ಟ್ರೀಯ ಸ್ಮಾರಕವನದಲ್ಲಿ ಇವರಿಗೆಂದು ಒಂದು ಸ್ಮಾರಕ ಎದ್ದಿತು; ೨೦೦೬ರ ಸೇನಾ ಶಾಸನದ ಮೂಲಕ ೩೦೬ ಮಂದಿಗೆ ಕ್ಷಮಾದಾನ ದೊರೆಯಿತು. ಈ ನಡುವೆ, ವಿಯೆಟ್ನಾಂ ಯುದ್ಧದಿಂದ ಮರಳಿದವರ ಸ್ಥಿತಿಯನ್ನು ಕಂಡ ಅಮೆರಿಕದ ಮನೋವೈದ್ಯರ ಸಂಘವು ೧೯೮೦ರಲ್ಲಿ ಆಘಾತೋತ್ತರ ಮನೋವ್ಯಾಧಿಯನ್ನು ತನ್ನ ಅಧಿಕೃತ ಪಟ್ಟಿಗೆ ಸೇರಿಸಿತ್ತು. ೧೯೨೨ರಲ್ಲಿ ಕಿತ್ತುಹಾಕಬೇಕೆಂದಿದ್ದ ಗಾಯಕ್ಕೆ ಇನ್ನೊಂದು ಹೆಸರು ದೊರೆಯಲು ಐವತ್ತೆಂಟು ವರ್ಷ ಹಿಡಿಯಿತು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧದ ಯೋಧರಲ್ಲಿ ಬಹುಮಂದಿ ತೀರಿಹೋಗಿದ್ದರು.

೪

ಸಮಿತಿಯ ವರದಿ ಹೊರಬಿದ್ದ ಮೂರು ವರ್ಷಗಳ ಮೇಲೆ, ೧೯೨೫ರಲ್ಲಿ, ವರ್ಜೀನಿಯ ವುಲ್ಫಳ ‘ಮಿಸೆಸ್ ಡ್ಯಾಲೋವೇ’ ಕಾದಂಬರಿ ಪ್ರಕಟವಾಯಿತು. ಕಾಲೇಜುಗಳಲ್ಲಿ ಇದನ್ನು ಪ್ರಜ್ಞಾಪ್ರವಾಹ ತಂತ್ರಕ್ಕೆ ಉದಾಹರಣೆಯಾಗಿ ಓದಿಸುವುದು ವಾಡಿಕೆ. ಯುದ್ಧಸ್ಮರಣೆಯ ವಿಮರ್ಶೆಯಾಗಿ ಅದನ್ನು ಓದಿದರೆ ಹೆಚ್ಚು ಲಾಭವುಂಟೆಂದು ನಮಗೆ ತೋರುತ್ತದೆ.

ಕಥೆ ನಡೆಯುವುದು ಯುದ್ಧ ಮುಗಿದು ಐದು ವರ್ಷಗಳ ನಂತರ, ಲಂಡನ್ನಿನಲ್ಲಿ, ಜೂನ್ ತಿಂಗಳ ಒಂದೇ ದಿನ. ಸೆಪ್ಟಿಮಸ್ ವಾರೆನ್ ಸ್ಮಿತ್ ಮೊದಲೇ ಸ್ವಯಂಸೇವಕನಾಗಿ ಸೇರಿದವನು, ಕೀರ್ತಿಯೊಡನೆ ಮರಳಿದವನು. ತನ್ನ ಪ್ರಿಯ ಅಧಿಕಾರಿ ಇವಾನ್ಸ್ ಸತ್ತಾಗ ತನಗೆ ದುಃಖವಾಗಲಿಲ್ಲವೆಂದು ಅವನು ಅಂದು ಮೆಚ್ಚಿಕೊಂಡಿದ್ದನು. ಈಗ ಸತ್ತ ಇವಾನ್ಸನು ಉದ್ಯಾನದ ಗಿಡಗಳ ಮರೆಯಿಂದ ಬಂದು ನಿಲ್ಲುತ್ತಾನೆ. ಇಬ್ಬರು ವೈದ್ಯರಲ್ಲಿ ಒಬ್ಬನು ಕಾಯಿಲೆಯೇ ಇಲ್ಲವೆನ್ನುತ್ತಾನೆ. ಇನ್ನೊಬ್ಬನು, ಸರ್ ವಿಲಿಯಂ ಬ್ರ್ಯಾಡ್‌ಷಾ, ಪ್ರಮಾಣಬದ್ಧತೆಯ ಅಭಾವವೇ ಕಾಯಿಲೆಯೆಂದು ತೀರ್ಮಾನಿಸಿ ಅವನನ್ನು ಹೆಂಡತಿಯಿಂದ ಅಗಲಿಸಿ ವಿಶ್ರಾಂತಿಗೃಹಕ್ಕೆ ಸೇರಿಸಲು ಹೊರಡುತ್ತಾನೆ. ಸೆಪ್ಟಿಮಸ್ ಕಿಟಕಿಯಿಂದ ಧುಮುಕಿ ಸಾಯುತ್ತಾನೆ.

ಈ ಸಾವಿಗಿಂತಲೂ ಅದರ ಸುದ್ದಿ ತಲಪುವ ರೀತಿ ಮುಖ್ಯವಾದುದು. ಸಂಜೆ ಕ್ಲಾರಿಸ್ಸ ಡ್ಯಾಲೋವೇಯ ಮನೆಯಲ್ಲಿ ಔತಣ, ಪ್ರಧಾನಮಂತ್ರಿಯೇ ಬಂದಿದ್ದಾನೆ. ತಡವಾಗಿ ಬಂದ ಬ್ರ್ಯಾಡ್‌ಷಾ ದಂಪತಿಗಳು ಕ್ಷಮೆ ಕೇಳುವ ನೆಪದಲ್ಲಿ ಯುವಕನೊಬ್ಬನ ಆತ್ಮಹತ್ಯೆಯ ಮಾತೆತ್ತುತ್ತಾರೆ. ಪಾರ್ಲಿಮೆಂಟಿನ ಮುಂದಿರುವ ಮಸೂದೆಯೊಂದರಲ್ಲಿ ಷೆಲ್ ಷಾಕಿನ ತಡವಾದ ಪರಿಣಾಮಗಳಿಗೂ ಎಡೆಯಿರಬೇಕೆಂದು ವೈದ್ಯನು ಆತಿಥೇಯನೊಡನೆ ತಗ್ಗಿದ ದನಿಯಲ್ಲಿ ಮಾತನಾಡುತ್ತಾನೆ. ಹೀಗೆ ಮನುಷ್ಯನೊಬ್ಬನ ನರಳಾಟ ಕ್ಷಣಮಾತ್ರದಲ್ಲಿ ಔತಣದ ಮಾತೂ ಮಸೂದೆಯ ವಿಧಿಯೂ ಆಗಿಬಿಡುತ್ತದೆ. ಇದೇ ಕಾದಂಬರಿಯಲ್ಲಿ, ಭಾರತದಿಂದ ಹಿಂದಿನ ರಾತ್ರಿಯಷ್ಟೇ ಮರಳಿರುವ ಪೀಟರ್ ವಾಲ್ಷನು ಸಮವಸ್ತ್ರದ ಹುಡುಗರ ದಳವೊಂದು ಹೂಹಾರ ಹೊತ್ತು ಬರಿದು ಸಮಾಧಿಯತ್ತ ಹೆಜ್ಜೆಯಿಡುವುದನ್ನು ಬೀದಿಯಲ್ಲಿ ನೋಡುತ್ತಾನೆ. ಸತ್ತವರಿಗೆ ಹಾರ ಸಲ್ಲುತ್ತಿರುವ ಹೊತ್ತಿಗೇ, ಅದೇ ನಗರದಲ್ಲಿ, ಬದುಕಿದವನು ವೈದ್ಯನಿಂದ ವೈದ್ಯನಿಗೆ ಅಲೆಯುತ್ತಿದ್ದಾನೆ. ಇವೆರಡನ್ನೂ ಒಂದೇ ದಿನದೊಳಗೆ ತಂದಿಟ್ಟದ್ದು ವುಲ್ಫಳ ಚಾರಿತ್ರಿಕ ಒಳನೋಟ. ಸಮಿತಿಯು ಅಳಿಸಹೊರಟ ಗಾಯವನ್ನು ಆಕೆ ದಾಖಲೆ ಮಾಡಿದಳು.

೫

ಬ್ರಿಟಿಷ್ ಸಿಪಾಯಿಯ ಪಾಲಿಗೆ ಹೆಸರು ಕಲ್ಲಿನಲ್ಲಿಯೂ ಗಾಯ ಸಾಹಿತ್ಯದಲ್ಲಿಯೂ ಉಳಿದುವು. ಭಾರತೀಯ ಸಿಪಾಯಿಯ ಪಾಲಿಗೆ ಏನುಳಿಯಿತೆಂಬುದನ್ನು ಈಗ ನೋಡೋಣ.

ಈ ಯುದ್ಧಕ್ಕೆ ಭಾರತ ಒದಗಿಸಿದ ಜನ ಹದಿಮೂರು ಲಕ್ಷಕ್ಕೂ ಹೆಚ್ಚು. ಇವರಲ್ಲಿ ಐದು ಲಕ್ಷಕ್ಕೂ ಮಿಕ್ಕವರು ಕೂಲಿ, ಡೋಲಿ, ಅಡಿಗೆ, ಹೇಸರಗತ್ತೆಗಳ ಕೆಲಸದವರು. ಸತ್ತವರು ೭೦,೦೦೦ಕ್ಕೂ ಹೆಚ್ಚು. ಫ್ರಾನ್ಸಿನ ನವ್ ಷಾಪೆಲ್‌ನಲ್ಲಿ ೧೯೨೭ರಲ್ಲಿ ಎದ್ದ ಭಾರತೀಯ ಸ್ಮಾರಕದ ಮೇಲೆ ೪,೭೦೦ಕ್ಕೂ ಹೆಚ್ಚು ಹೆಸರುಗಳಿವೆ. ಯೂರೋಪಿನ ಕಣ್ಣೆದುರಿಗೆ ಸಮಾನತೆಯ ತತ್ತ್ವ ಪಾಲಿಸಲ್ಪಟ್ಟಿತೆಂದು ಹೇಳಬಹುದು. ಆದರೆ ಅತಿ ಹೆಚ್ಚು ಭಾರತೀಯರು ಹೋದದ್ದು ಫ್ರಾನ್ಸಿಗಲ್ಲ, ಮೆಸೊಪೊಟೇಮಿಯಕ್ಕೆ. ಅಲ್ಲಿ ಸತ್ತು ಸಮಾಧಿಯಿಲ್ಲದೆ ಹೋದವರಿಗಾಗಿ ಬಸ್ರಾದಲ್ಲಿ ಕಟ್ಟಿದ ಸ್ಮಾರಕದಲ್ಲಿ ನೆನೆಯಲ್ಪಟ್ಟವರು ೪೦,೦೦೦ಕ್ಕೂ ಹೆಚ್ಚು. ಅದರ ಫಲಕಗಳ ಮೇಲೆ ಬ್ರಿಟಿಷರ ಹೆಸರುಗಳಿದ್ದುವು, ಭಾರತೀಯ ಅಧಿಕಾರಿಗಳ ಹೆಸರುಗಳಿದ್ದುವು. ಭಾರತೀಯ ಸಾಮಾನ್ಯ ಸಿಪಾಯಿಗಳಾದರೋ ತಂತಮ್ಮ ದಳದ ಹೆಸರಿನ ಕೆಳಗೆ ಒಂದು ಸಂಖ್ಯೆಯಾಗಿ ಮಾತ್ರ ಇದ್ದರು. ನಾಯಿಯ ಹೆಸರನ್ನೂ ಕೆತ್ತಿದ ನಾಡಿನ ಮನುಷ್ಯರನ್ನು ಅಂಕಿಗಳಾಗಿ ಕೆತ್ತಲಾಯಿತು.

ಇದು ಗುಮಾಸ್ತರ ಅಜಾಗರೂಕತೆಯೆಂದು ಬಹುಕಾಲ ಭಾವಿಸಲು ಆಸ್ಪದವಿತ್ತು. ೧೯೬೦ರಿಂದ ಕಾಮನ್‌ವೆಲ್ತ್ ಎಂಬ ಹೆಸರನ್ನು ಧರಿಸಿರುವ ಸಮಾಧಿ ಆಯೋಗವೇ ನೇಮಿಸಿದ ವಿಶೇಷ ಸಮಿತಿಯು ೨೦೨೧ರ ಏಪ್ರಿಲ್ಲಿನಲ್ಲಿ ಪ್ರಕಟಿಸಿದ ವರದಿ ಆ ಆಸ್ಪದವನ್ನು ಕಳೆದಿದೆ. ಅದರಂತೆ ಭಾರತ, ಆಫ್ರಿಕ, ಈಜಿಪ್ಟು ಮೊದಲಾದ ಕಡೆಗಳ ೪೫,೦೦೦ದಿಂದ ೫೪,೦೦೦ದವರೆಗಿನ ಮೃತರು ಅಸಮಾನವಾದ ರೀತಿಯಲ್ಲಿ ನೆನೆಯಲ್ಪಟ್ಟರು. ಇವರಲ್ಲದೆ ಕಡೆಯಪಕ್ಷ ೧,೧೬,೦೦೦, ಬಹುಶಃ ೩,೫೦,೦೦೦ದವರೆಗೂ, ಮೃತರು ಹೆಸರಿನಿಂದ ನೆನೆಯಲ್ಪಡಲಿಲ್ಲ ಅಥವಾ ನೆನೆಯಲ್ಪಡಲೇ ಇಲ್ಲ. ಸಾಮ್ರಾಜ್ಯಶಾಹಿಯ ಪೂರ್ವಗ್ರಹಗಳೇ ಇದರ ಹಿಂದಿದ್ದ ಕಾರಣವೆಂದು ವರದಿ ಒಪ್ಪಿಕೊಂಡಿತು. ಆಯೋಗ ಕ್ಷಮೆ ಕೇಳಿತು.

ಸ್ವದೇಶದಲ್ಲಿಯಾದರೂ ಏನಾಯಿತು? ಸೆನೊಟಾಫಿನ ಶಿಲ್ಪಿ ಲಟ್ಯೆನ್ಸನೇ ದೆಹಲಿಯ ಅಖಿಲ ಭಾರತ ಯುದ್ಧಸ್ಮಾರಕವನ್ನೂ ರೂಪಿಸಿದನು. ೧೯೨೧ರಲ್ಲಿ ತಳಗಲ್ಲು, ೧೯೩೧ರಲ್ಲಿ ಉದ್ಘಾಟನೆ. ಇಂದು ನಾವು ಇಂಡಿಯಾ ಗೇಟ್ ಎನ್ನುವ ಆ ಕಮಾನು ಎಪ್ಪತ್ತು ಸಾವಿರ ಮೃತರಿಗೆ ಸಮರ್ಪಿತವಾದರೂ ಅದರ ಮೇಲಿರುವ ಹೆಸರುಗಳು ೧೩,೦೦೦ಕ್ಕಿಂತ ಸ್ವಲ್ಪ ಹೆಚ್ಚು. ಅವುಗಳಲ್ಲಿ ಬಹುಪಾಲು ವಾಯವ್ಯ ಗಡಿನಾಡಿನಲ್ಲಿಯೂ ೧೯೧೯ರ ಆಫ್ಘನ್ ಯುದ್ಧದಲ್ಲಿಯೂ ಮಡಿದವರವು. ಇನ್ನು ಭಾರತದ ಹಲವೆಡೆಗಳಲ್ಲಿ ಹಳ್ಳಿಯ ಚಾವಡಿಯ ಗೋಡೆಗಳಲ್ಲಿ ಸಣ್ಣ ಕಲ್ಲುಹಲಗೆಗಳುಂಟು. ಈ ಹಳ್ಳಿಯಿಂದ ಯುದ್ಧಕ್ಕೆ ಹೋದವರು ಇಷ್ಟು ಮಂದಿ, ಅವರಲ್ಲಿ ಪ್ರಾಣ ಕೊಟ್ಟವರು ಇಷ್ಟು ಮಂದಿ ಎಂದು ಅವು ಹೇಳುತ್ತವೆ. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ಕೂಡ ಹೆಸರಿನ ಬದಲು ಅಂಕಿ.

ಮೈಸೂರಿನ ವಿಷಯ ಬೇರೆಯಲ್ಲವೇ ಎಂದು ವಾಚಕರು ಕೇಳಬಹುದು. ೧೯೧೮ರ ಸೆಪ್ಟೆಂಬರ್ ೨೩ರಂದು ಮೈಸೂರು ಮತ್ತು ಜೋಧಪುರದ ಅಶ್ವದಳಗಳು ಹೈಫಾ ಪಟ್ಟಣವನ್ನು ಹಿಡಿದುದು ಪ್ರಸಿದ್ಧ ಸಂಗತಿ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದು, ಮೈಸೂರು, ಜೋಧಪುರಗಳ ಅಶ್ವಯೋಧರನ್ನು ಪ್ರತಿನಿಧಿಸುತ್ತವೆ. ಆ ವೃತ್ತಕ್ಕೆ ೨೦೧೮ರ ಜನವರಿಯಲ್ಲಿ ಹೈಫಾದ ಹೆಸರೂ ಸೇರಿತು. ಬೆಂಗಳೂರಿನಲ್ಲಿಯೂ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕವಿದೆ. ಈ ಸ್ಮರಣೆ ಸಂತೋಷದ ವಿಷಯವೇ. ಆದರೆ ಅದು ಜಯದ ಸ್ಮರಣೆ. ಹೈಫಾವನ್ನು ಹಿಡಿದ ಮಧ್ಯಾಹ್ನ ನೆನಪಿನಲ್ಲಿ ಉಳಿದಿದೆ. ಅಲ್ಲಿಂದ ಮರಳಿ ಊರು ಸೇರಿದ ಸವಾರನ ಮುಂದಿನ ಮೂವತ್ತು ವರ್ಷಗಳು ಉಳಿದಿಲ್ಲ.

ಭಾರತೀಯನ ಗಾಯವನ್ನು ಆಡಳಿತ ಕಂಡ ಬಗೆಗೆ ಒಂದು ನಿದರ್ಶನ ಸಾಕು. ೧೯೧೪ರ ಚಳಿಗಾಲದಲ್ಲಿ ಫ್ರಾನ್ಸಿನಿಂದ ಬಂದ ಭಾರತೀಯ ಗಾಯಾಳುಗಳಲ್ಲಿ ಹಲವರ ಕೈಗಳಿಗೆ ಪೆಟ್ಟಾಗಿದ್ದುದನ್ನು ಕಂಡು, ಅವರು ಬೇಕೆಂದೇ ಗುಂಡು ಹೊಡೆದುಕೊಂಡಿರಬೇಕೆಂಬ ಸಂದೇಹ ಹುಟ್ಟಿತು. ಬ್ರೈಟನ್ನಿನ ಕಿಚನರ್ ಆಸ್ಪತ್ರೆಯ ಮುಖ್ಯಸ್ಥ ಕರ್ನಲ್ ಬ್ರೂಸ್ ಸೀಟನ್ ೧೯೧೫ರಲ್ಲಿ ಒಂದು ಸಾವಿರ ಗಾಯಗಳನ್ನು ಪರೀಕ್ಷಿಸಿ, ಈ ಸಂದೇಹಕ್ಕೆ ಆಧಾರವಿಲ್ಲವೆಂದು ತೋರಿಸಿದನು. ಕಣ್ಣಿಗೆ ಕಾಣುವ ಗಾಯವನ್ನೇ ನಂಬದ ವ್ಯವಸ್ಥೆ ಕಣ್ಣಿಗೆ ಕಾಣದ ಗಾಯವನ್ನು ಎಷ್ಟರಮಟ್ಟಿಗೆ ನಂಬಿರಬಹುದೆಂಬುದನ್ನು ವಾಚಕರೇ ಊಹಿಸಬಹುದು. ಸಿಪಾಯಿಗಳು ಊರಿಗೆ ಬರೆದ, ಬಹುಮಟ್ಟಿಗೆ ಇತರರಿಂದ ಬರೆಯಿಸಿದ, ಪತ್ರಗಳು ಮೊದಲು ತನಿಖಾಧಿಕಾರಿಯ ಕೈಗೆ ಹೋಗುತ್ತಿದ್ದುವು. ಮೂಲ ಪತ್ರಗಳಲ್ಲಿ ಬಹುಪಾಲು ಕಳೆದುಹೋಗಿ, ಅಧಿಕಾರಿಗಳು ಮಾಡಿಸಿದ ಇಂಗ್ಲಿಷ್ ಭಾಷಾಂತರದ ತುಣುಕುಗಳು ಲಂಡನ್ನಿನ ಕಡತಗಳಲ್ಲಿ ಉಳಿದಿವೆ. ಡೇವಿಡ್ ಒಮಿಸಿ ಅವರು ೧೯೯೯ರಲ್ಲಿ ಅವುಗಳ ಸಂಕಲನವನ್ನು ಪ್ರಕಟಿಸಿದರು. ನಮ್ಮ ಸಿಪಾಯಿಯ ಮಾತು ನಮಗೆ ಉಳಿದು ಬಂದದ್ದು ಪ್ರೀತಿಯಿಂದಲ್ಲ, ಸಂಶಯದಿಂದ. ಚರಿತ್ರಕಾರನಿಗೆ ಇದಕ್ಕಿಂತ ಕಹಿಯಾದ ಉಪಕಾರವಿರಲಾರದು.

೬

ಆ ಸಿಪಾಯಿಗೆ ಭಾರತೀಯ ಸಾಹಿತ್ಯ ಮಾತು ಕೊಟ್ಟ ಪ್ರಸಂಗಗಳು ಕಡಮೆ. ಆದರೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ಮುಲ್ಕ್ ರಾಜ್ ಆನಂದರು ಫ್ಲಾಂಡರ್ಸಿನ ಭಾರತೀಯ ಸಿಪಾಯಿಗಳನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಕಾದಂಬರಿಯನ್ನು ಬರೆದರು. ಅದಕ್ಕೂ ಎಷ್ಟೋ ಮುಂಚೆ, ಯುದ್ಧ ನಡೆಯುತ್ತಿದ್ದಾಗಲೇ, ೧೯೧೫ರಲ್ಲಿ ‘ಸರಸ್ವತೀ’ ಪತ್ರಿಕೆಯಲ್ಲಿ ಚಂದ್ರಧರ ಶರ್ಮ ಗುಲೇರಿಯವರ ‘ಉಸನೇ ಕಹಾ ಥಾ’ (ಅವಳು ಹೇಳಿದ್ದಳು) ಎಂಬ ಹಿಂದಿ ಕಥೆ ಬೆಳಕು ಕಂಡಿತು.

ಅಮೃತಸರದ ಬಜಾರಿನಲ್ಲಿ ಹುಡುಗನೊಬ್ಬನು ಹುಡುಗಿಯೊಬ್ಬಳನ್ನು ಕಂಡು, ನಿಶ್ಚಿತಾರ್ಥವಾಯಿತೇ ಎಂದು ಚೇಷ್ಟೆಯಿಂದ ಕೇಳುತ್ತಿರುತ್ತಾನೆ. ಇಪ್ಪತ್ತೈದು ವರ್ಷಗಳ ಮೇಲೆ ಅವನು ಜಮಾದಾರ ಲಹನಾಸಿಂಗ್. ಅವಳು ಅವನ ಸುಬೇದಾರನ ಹೆಂಡತಿ. ಯುದ್ಧಕ್ಕೆ ಹೊರಡುವಾಗ ಗಂಡನನ್ನೂ ಮಗನನ್ನೂ ಕಾಪಾಡೆಂದು ಆಕೆ ಅವನಲ್ಲಿ ಬೇಡಿಕೊಂಡಿದ್ದಾಳೆ. ಫ್ರಾನ್ಸಿನ ಕಂದಕದಲ್ಲಿ ಲಹನಾಸಿಂಗನು ಜ್ವರದ ಹುಡುಗನಿಗೆ ತನ್ನ ಬೆಚ್ಚನೆಯ ಬಟ್ಟೆಗಳನ್ನು ಹೊದಿಸುತ್ತಾನೆ, ಶತ್ರುವಿನ ಮೋಸವನ್ನು ಕಂಡುಹಿಡಿಯುತ್ತಾನೆ, ತನಗಾದ ಗಾಯವನ್ನು ಮರೆಮಾಚಿ ತಂದೆಮಕ್ಕಳಿಬ್ಬರನ್ನೂ ಆಸ್ಪತ್ರೆಯ ಗಾಡಿಯಲ್ಲಿ ಕಳುಹಿಸುತ್ತಾನೆ. ಸಾಯುವ ಹೊತ್ತಿನಲ್ಲಿ ಅವನ ನೆನಪುಗಳು ತೆರೆತೆರೆಯಾಗಿ ಬರುತ್ತವೆ: ಬಜಾರು, ಹುಡುಗಿ, ಅವಳ ಮಾತು, ನಡುನಡುವೆ ನೀರು ಬೇಡುವ ದನಿ. ಕೆಲವು ದಿನಗಳ ಮೇಲೆ ಪತ್ರಿಕೆಯ ಮೃತರ ಪಟ್ಟಿಯಲ್ಲಿ ದಳದ ಹೆಸರು, ಹುದ್ದೆ, ಅವನ ಹೆಸರು, ಗಾಯಗಳಿಂದ ಸತ್ತನೆಂಬ ಒಂದು ಸಾಲು. ಕಥೆ ಅಲ್ಲಿಗೆ ಮುಗಿಯುತ್ತದೆ.

ಈ ಕಥೆಯನ್ನು ಆದರ್ಶ ಪ್ರೇಮದ ಕಥೆಯೆಂದು ಹೊಗಳುವುದು ರೂಢಿಯಾಗಿದೆ. ಆ ಹೊಗಳಿಕೆಗೆ ನಮ್ಮ ವಿರೋಧವಿಲ್ಲ. ಆದರೆ ಅದರ ಕೊನೆಯ ಸಾಲು ಪ್ರೇಮಕ್ಕೆ ಸೇರಿದ್ದಲ್ಲ, ಸ್ಮರಣೆಗೆ ಸೇರಿದ್ದು. ಮನುಷ್ಯನ ಒಳಗಿನ ನೆನಪು ಪುಟಗಟ್ಟಲೆ ಹರಿದ ಮೇಲೆ ಸರ್ಕಾರದ ನೆನಪು ಒ೦ದೇ ಸಾಲಿನಲ್ಲಿ ಬಂದು ಅದನ್ನು ಮುಚ್ಚುತ್ತದೆ. ವುಲ್ಫಳ ಕಾದಂಬರಿಯಲ್ಲಿ ಔತಣದ ಮಾತು ಮಾಡುವ ಕೆಲಸವನ್ನೇ ಇಲ್ಲಿ ಈ ಸಾಲು ಮಾಡುತ್ತದೆ. ಬಸ್ರಾದ ಫಲಕಗಳು ಏಳುವುದಕ್ಕೆ ಬಹು ವರ್ಷಗಳ ಮೊದಲೇ, ಸ್ಮಾರಕದ ನುಡಿಯಲ್ಲಿ ಏನು ನಿಲ್ಲಲಾರದೆಂಬುದನ್ನು ಗುಲೇರಿಯವರು ಕಂಡಿದ್ದರು. ಆದರೂ ಒಂದು ಕೊರತೆಯನ್ನು ಹೇಳಬೇಕು. ಲಹನಾಸಿಂಗ್ ಸಾಯುತ್ತಾನೆ, ತ್ಯಾಗದಲ್ಲಿ ಪೂರ್ಣನಾಗುತ್ತಾನೆ. ಅವನು ಬದುಕಿ ಅಮೃತಸರಕ್ಕೆ ಮರಳಿದ್ದರೆ, ರಾತ್ರಿಗಳಲ್ಲಿ ಬೆಚ್ಚುತ್ತಿದ್ದರೆ ಎಂಬ ಕಥೆಯನ್ನು ಗುಲೇರಿಯವರು ಬರೆಯಲಿಲ್ಲ. ವೀರಗಲ್ಲಿನ ಸಂಸ್ಕಾರ ಸಾಹಿತ್ಯದಲ್ಲಿಯೂ ಎಷ್ಟು ಬಲವಾದುದೆಂಬುದಕ್ಕೆ ಇದೂ ನಿದರ್ಶನ.

೭

ವಿದ್ವಾಂಸರು ಈ ವಿಷಯವನ್ನು ಹೇಗೆ ನೋಡಿದ್ದಾರೆ? ಪಾಲ್ ಫಸೆಲ್ ಅವರ ‘ದಿ ಗ್ರೇಟ್ ವಾರ್ ಅಂಡ್ ಮಾಡರ್ನ್ ಮೆಮೊರಿ’ (೧೯೭೫) ಈ ಕ್ಷೇತ್ರದ ಪ್ರಭಾವಶಾಲಿ ಗ್ರಂಥ. ಎರಡನೆಯ ಮಹಾಯುದ್ಧದಲ್ಲಿ ಸ್ವತಃ ಗಾಯಗೊಂಡಿದ್ದ ಫಸೆಲ್, ಕಂದಕದ ಅನುಭವದಿಂದ ವ್ಯಂಗ್ಯದ ದೃಷ್ಟಿಯೊಂದು ಹುಟ್ಟಿ ಇಡೀ ಶತಮಾನದ ಸ್ಮರಣೆಯನ್ನು ರೂಪಿಸಿತೆಂದು ಸಾಧಿಸಿದರು. ಆದರೆ ಅವರ ಸಾಕ್ಷಿಗಳು ಬಹುಮಟ್ಟಿಗೆ ಪಶ್ಚಿಮ ರಂಗದ, ಗ್ರೀಕ್ ಲ್ಯಾಟಿನ್ ಓದಿದ ಇಂಗ್ಲಿಷ್ ಅಧಿಕಾರಿಗಳು. ಬರೆದವರ ಸ್ಮರಣೆಯನ್ನು ಯುದ್ಧದ ಸ್ಮರಣೆಯೆಂದೇ ಎಣಿಸಿದುದು ಅವರ ದೋಷ. ಜೇ ವಿಂಟರ್ ೧೯೯೫ರ ತಮ್ಮ ಗ್ರಂಥದಲ್ಲಿ ಇದನ್ನು ತಿದ್ದಿದರು. ಸಾಮಾನ್ಯ ಜನ ವ್ಯಂಗ್ಯವನ್ನಲ್ಲ, ಧರ್ಮ ಮತ್ತು ಸಂಪ್ರದಾಯದ ಹಳೆಯ ರೂಪಗಳನ್ನೇ ಆಶ್ರಯಿಸಿ ಅತ್ತರೆಂದು ತೋರಿಸಿದರು. ಅವರ ನೋಟವೂ ಯೂರೋಪಿನ ಎಲ್ಲೆಯನ್ನು ದಾಟಲಿಲ್ಲ. ಸಂತನು ದಾಸ್ ೨೦೧೮ರಲ್ಲಿ ಪ್ರಕಟಿಸಿದ ಗ್ರಂಥ ಭಾರತದ ಹಾಡು, ಪತ್ರ, ಛಾಯಾಚಿತ್ರ, ವಸ್ತುಗಳನ್ನೂ ಸಾಕ್ಷ್ಯವಾಗಿ ಹಿಡಿದು ಈ ಎಲ್ಲೆಯನ್ನು ವಿಸ್ತರಿಸಿದೆ. ಲಿಖಿತ ದಾಖಲೆಯಿಲ್ಲದವನಿಗೆ ಸ್ಮರಣೆಯೂ ಇಲ್ಲವೆಂಬ ಭ್ರಮೆಯನ್ನು ಅದು ಕಳೆಯುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ಈ ಯುದ್ಧ ನಮ್ಮದಲ್ಲ. ಪರಕೀಯ ಸಾಮ್ರಾಜ್ಯಕ್ಕಾಗಿ, ಸಂಬಳಕ್ಕಾಗಿ ಕಾದಿದವರನ್ನು ಸ್ವತಂತ್ರ ಭಾರತ ಏಕೆ ನೆನೆಯಬೇಕು ಎಂಬುದು ಆ ಆಕ್ಷೇಪ. ಇದಕ್ಕೆ ಚಾರಿತ್ರಿಕ ಬಲವೂ ಉಂಟು. ಸ್ವರಾಜ್ಯ ದೊರೆಯುವುದೆಂಬ ನಂಬಿಕೆಯಿಂದ ನಮ್ಮ ನಾಯಕರಲ್ಲಿ ಹಲವರು ಯುದ್ಧಕ್ಕೆ ನೆರವಾದರು. ೧೯೧೮ರಲ್ಲಿ ಗಾಂಧೀಜಿಯವರೇ ಖೇಡಾ ಜಿಲ್ಲೆಯಲ್ಲಿ ಸೇನೆಗೆ ಜನ ಕೂಡಿಸಲು ತಿರುಗಾಡಿದರು. ಪ್ರತಿಫಲವಾಗಿ ಬಂದದ್ದು ೧೯೧೯ರ ಮಾರ್ಚಿನ ರೌಲಟ್ ಶಾಸನ, ಏಪ್ರಿಲ್ ೧೩ರ ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡ. ಅದೂ ಸೇನೆಗೆ ಅತಿ ಹೆಚ್ಚು ಜನರನ್ನು ಕಳುಹಿಸಿದ ಪಂಜಾಬಿನಲ್ಲಿ. ಇಂಥ ಯುದ್ಧವನ್ನು ರಾಷ್ಟ್ರೀಯ ಚಳವಳಿಯು ತನ್ನ ನೆನಪಿನಲ್ಲಿ ಇಟ್ಟುಕೊಳ್ಳದಿದ್ದುದು ಸಹಜವೇ.

ಆದರೆ ಯುದ್ಧವನ್ನು ಹೊಗಳುವುದೂ ಯುದ್ಧದಿಂದ ನೊಂದವನನ್ನು ನೆನೆಯುವುದೂ ಒಂದೇ ಅಲ್ಲ. ಸಿಪಾಯಿ ಯಾರ ಪರವಾಗಿ ಕಾದಿದನೆಂಬುದರಿಂದ ಅವನ ಗಾಯ ಸುಳ್ಳಾಗುವುದಿಲ್ಲ. ಸಾಮ್ರಾಜ್ಯವು ಅವನನ್ನು ಅಂಕಿಯಾಗಿ ಕಂಡಿತು. ನಾವು ಅವನನ್ನು ಪಠ್ಯಪುಸ್ತಕದ ಒಂದು ವಾಕ್ಯದಲ್ಲಿ, ಭಾರತ ಇಷ್ಟು ಲಕ್ಷ ಸೈನಿಕರನ್ನು ಒದಗಿಸಿತೆಂಬ ವಾಕ್ಯದಲ್ಲಿ, ಮುಗಿಸುತ್ತಿದ್ದೇವೆ. ಈ ಎರಡರ ನಡುವಣ ವ್ಯತ್ಯಾಸ ನಾವು ಭಾವಿಸುವಷ್ಟು ದೊಡ್ಡದಲ್ಲ.

೮

ಒಟ್ಟಿನಲ್ಲಿ ಹೇಳುವುದಾದರೆ, ರಾಷ್ಟ್ರದ ಸ್ಮರಣೆಯನ್ನು ಅಳೆಯಲು ಸ್ಮಾರಕದ ಎತ್ತರ ಸಾಲದು. ಅದರ ಮೇಲೆ ಯಾರ ಹೆಸರುಂಟು, ಯಾರ ಹೆಸರಿಲ್ಲ ಎಂದು ಕೇಳಬೇಕು. ಬದುಕಿ ಬಂದವನ ಮಾತನ್ನು ಆಲಿಸಿದವರು ಯಾರೆಂದೂ ಕೇಳಬೇಕು. ಮೊದಲನೆಯ ಪ್ರಶ್ನೆಗೆ ಉತ್ತರ ತಡವಾಗಿಯಾದರೂ ದೊರೆಯತೊಡಗಿದೆ. ಬ್ರೈಟನ್ನಿನ ಬಳಿ ದಹನವಾದ ೫೩ ಹಿಂದೂ ಮತ್ತು ಸಿಖ್ ಸಿಪಾಯಿಗಳಿಗಾಗಿ ೧೯೨೧ರಲ್ಲಿ ಕಟ್ಟಿದ ಛತ್ರಿಯ ಬದಿಯಲ್ಲಿ ಅವರ ಹೆಸರುಗಳು ೨೦೧೦ರಲ್ಲಿ ಕೆತ್ತಲ್ಪಟ್ಟುವು. ಎಂಬತ್ತೊಂಬತ್ತು ವರ್ಷಗಳ ಮೇಲಾದರೂ ಹೆಸರು ಕೆತ್ತಬಹುದು. ಕೇಳದೆ ಬಿಟ್ಟ ಮಾತನ್ನು ಹಾಗೆ ಹಿಂದಿರುಗಿ ಕೇಳಲಾಗುವುದಿಲ್ಲ.

ಆದಕಾರಣ ಕಾಲೇಜಿನ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೆ. ಶಾಸನಗಳ ಅಚ್ಚು ತೆಗೆಯಲು ಹಳ್ಳಿಗಳಿಗೆ ಹೋಗುವ ಪರಂಪರೆ ನಮ್ಮ ವಿಭಾಗಗಳಲ್ಲಿ ಹಳೆಯದು. ವೀರಗಲ್ಲನ್ನು ಓದಿ ಹಿಂದಿರುಗುವಾಗ ಅದೇ ಊರಿನಲ್ಲಿ ೧೯೬೨, ೧೯೬೫, ೧೯೭೧, ೧೯೯೯ರ ಯುದ್ಧಗಳಿಂದ ಬದುಕಿ ಬಂದವರು ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ವಿಚಾರಿಸಬೇಕು. ಇದ್ದರೆ, ಅವರಿಗೆ ಇಷ್ಟವಿದ್ದಷ್ಟು, ಅವರ ಮಾತನ್ನು ಬರೆದುಕೊಳ್ಳಬೇಕು. ಹೈಫಾದಿಂದ ಮರಳಿದ ಸವಾರನನ್ನು ಕೇಳುವವರಿರಲಿಲ್ಲ. ಈಗ ಕೇಳಿದರೂ ಅವನು ಹೇಳಲಾರ. ೧೯೬೨ರಿಂದ ಮರಳಿದವರಿಗೆ ಇಂದು ಎಂಬತ್ತು ದಾಟಿದೆ.